ನೂರಿಪ್ಪತ್ತು–ಎಂಬತ್ತು

ಬಿ.ಪಿ. ನೋಡುವ ಯಂತ್ರದ ಪಟ್ಟಿ ಹರಿದು ಮೂರು ತಿಂಗಳಾಗಿತ್ತು. ಹೊಸದು ಕೊಡಿ ಎಂದು ಆರೋಗ್ಯ ಕಾರ್ಯಕರ್ತೆ ಕಚೇರಿಗೆ ಎಡತಾಕಿ ಎಡತಾಕಿ ಚಪ್ಪಲಿ ಸವೆಸಿದಳು. ಯಂತ್ರ ಬರಲಿಲ್ಲ, ಮೇಲಧಿಕಾರಿಯ ಬುದ್ಧಿಮಾತು ಬಂತು: ಮೊಬೈಲಿನಲ್ಲಿ ಆ ಜಾಗ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ, ಏನಾದರೂ ತುಂಬು. ಅವಳು ಎಲ್ಲರಿಗೂ ನೂರಿಪ್ಪತ್ತು–ಎಂಬತ್ತು ತುಂಬಿದಳು. ಫೋನಿನೊಳಗೆ ಬಸುರಿಯರೆಲ್ಲ ಗುಂಡುಕಲ್ಲಿನಂತಿದ್ದರು. ಮೇಲಧಿಕಾರಿ ಸಭೆಯಲ್ಲಿ ಅವಳ ಬೆನ್ನು ತಟ್ಟಿದ.

ಇವತ್ತು ದರ್ಜಿಯ ಮನೆಯ ಸೊಸೆ ಹೊಲಿಗೆ ಯಂತ್ರದ ಪಕ್ಕ ಗೋಡೆಗೊರಗಿ ಕೂತಿದ್ದಳು. ಎಂಟು ತಿಂಗಳು ತುಂಬಿತ್ತು. ಕಾಲು ಒತ್ತಿದರೆ ಕುಳಿ ಬೀಳುತ್ತಿತ್ತು. ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಕಿಡಿ ಹಾರುತ್ತಿದೆ ಎಂದಳು. ಬಿ.ಪಿ. ವಿಪರೀತ ಏರಿದ ಲಕ್ಷಣವಿದು ಎಂದು ಕಾರ್ಯಕರ್ತೆಗೆ ಗೊತ್ತಿತ್ತು. ಇದಕ್ಕೆ ತಡಮಾಡಿದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ, ಆದರೆ ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುವವಳು ಇನ್ನೊಬ್ಬಳು.

"ಹೋದ ವಾರ ಎಲ್ಲ ಸರಿಯಿದೆ ಅಂದ್ಯಲ್ಲ," ಅತ್ತೆ ಬಟ್ಟೆ ಕತ್ತರಿಸುತ್ತಲೇ ಹೇಳಿದಳು. "ಈಗೇನು ಹೊಸ ನಾಟಕ?"

ಕಾರ್ಯಕರ್ತೆ ಆಂಬುಲೆನ್ಸಿಗೆ ಫೋನ್ ಮಾಡಿದಳು. ಗಾಡಿ ಕಳಿಸುವ ಹೆಂಗಸು ಅತ್ತೆಗಿಂತ ಒಂದು ಕೈ ಮೇಲು. "ಇರೋದು ಒಂದೇ ಗಾಡಿ. ನಿಮ್ಮ ಕೇಸು ಹಸಿರಲ್ಲಿದೆ, ಅಪಾಯ ಇಲ್ಲ ಅಂತ. ಕೆಂಪು ಬಂದ್ರೆ ಮಾತ್ರ ಕಳಿಸೋದು. ಇವತ್ತಿನ ಬಿ.ಪಿ. ಹಾಕಿ."

"ಮಷಿನ್ ಕೆಟ್ಟಿದೆ."

"ಯಾವಾಗಿಂದ?"

"ಮೂರು ತಿಂಗಳಾಯ್ತು."

"ಮತ್ತೆ ಹೋದ ವಾರದ ನೂರಿಪ್ಪತ್ತು ಎಲ್ಲಿಂದ ಬಂತು?"

ಮಾತು ದಾಖಲಾಗುತ್ತದೆಂದು ಫೋನು ಮೊದಲೇ ಎಚ್ಚರಿಸಿತ್ತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಮೇಲಧಿಕಾರಿ ತನಗೇನೂ ಗೊತ್ತಿಲ್ಲವೆಂದು ಕೈ ತೊಳೆದುಕೊಳ್ಳುತ್ತಾನೆ, ಆ ಪುಣ್ಯಾತ್ಮ. ಕೆಲಸ ಹಾಳಾಗಿ ಹೋಗಲಿ.

"ನಾನೇ ಸುಳ್ಳು ಬರೆದೆ. ಇವಳೊಬ್ಬಳದ್ದಲ್ಲ, ಎಲ್ಲರದ್ದೂ. ನನ್ನ ಹೆಸರು ಬರ್ಕೊಳ್ಳಿ, ಗಾಡಿ ಕಳಿಸಿ."

ಆ ಕಡೆ ಹೆಸರು ಬರೆದುಕೊಂಡರು. ಆಮೇಲೆ ಗಾಡಿ ಹೊರಟಿತೆಂಬ ಸುದ್ದಿ ಬಂತು.

ಅತ್ತೆ ಎದ್ದು ನಿಂತು, "ನಂಬಿಸಿ ಕತ್ತು ಕುಯ್ದೆಯಲ್ಲೇ," ಎಂದು ಶುರುಮಾಡಿದವಳು, ಗಾಡಿ ಬಾಗಿಲಿಗೆ ಬಂದರೂ ಬಾಯಿ ಮುಚ್ಚಲಿಲ್ಲ. ಅಕ್ಕಪಕ್ಕದವರೂ ಇಣುಕಿ ನೋಡಿದರು. ಕಾರ್ಯಕರ್ತೆ ತಲೆತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಬೈಯಲಿ, ನ್ಯಾಯವೇ. ಸೊಸೆಯನ್ನು ಎಬ್ಬಿಸಲು ಕೈ ಚಾಚಿದಳು. ಸೊಸೆ ಆ ಕೈ ಹಿಡಿಯಲಿಲ್ಲ.

"ಮಗು ಚೆನ್ನಾಗಿದೆ ಅಂತ ಬಂದಾಗೆಲ್ಲ ಹೇಳ್ತಿದ್ರಲ್ಲ," ಎಂದಳು, ಗೋಡೆ ಹಿಡಿದು ಏಳುತ್ತ. "ಅದೂ ಹಾಗೇನಾ?"

ಅಷ್ಟು ಹೊತ್ತಿನ ಮೇಲೆ ಅತ್ತೆಯೂ ಸುಮ್ಮನಾಗಿ ಉತ್ತರಕ್ಕೆ ಕಾದಳು. ಒಂದು ನಿಜ ಹೇಳಿ ಸುಸ್ತಾಗಿದ್ದ ಕಾರ್ಯಕರ್ತೆಗೆ ಎರಡನೆಯದು ಬಾಯಿಗೆ ಬರಲಿಲ್ಲ.