ಎಲ್ಲರದೂ ಮೊದಲು

ಹಸಿರು ದೀಪಗಳು, ಮಿಣುಕು ಮಿಣುಕು, ಒಂದರ ಮೈಮೇಲೆ ಒಂದು ಬಿದ್ದ ಹಾಗೆ, ಶಿಗ್ಗಾಂವದ ಇಂಟರ್ನೆಟ್ ಕಂಪನಿಯ ಈ ಉಸಿರುಗಟ್ಟುವ ಖೋಲಿಯಲ್ಲಿ ನೆಟ್‌ವರ್ಕ್ ಸ್ವಿಚ್ಚಿನ ದೀಪಗಳಿಗೆ ಮಾತ್ರ ಹಬ್ಬ, ತಹಮೀನಾಳ ಕಿವಿಯ ಫೋನಿನಲ್ಲಿ ಹಿರೇಕೆರೂರು ಆಸ್ಪತ್ರೆಯ ನರ್ಸ್ ಸವಿತಾ — ಅಕ್ಕಾರ, ಡಾಕ್ಟರಿಗೆ ಕೂಸಿನ ಎದಿ ಬಡಿಯೂದು ಕಾಣವಲ್ದಂತರಿ, ಚಿತ್ರ ನಿಂತಬಿಟ್ಟೈತಿ — ಇಲ್ಲಿನ ಪರದೆಯಲ್ಲೂ ನಿಂತೇ ಇದೆ, ಬೂದು ಸ್ಕ್ಯಾನಿನಲ್ಲಿ ಅರ್ಧ ಎತ್ತಿದ ಒಂದು ಪುಟ್ಟ ಕೈ, ಮುಂಜಾನೆಯಿಂದ ಕೂಸು ಮಿಸುಕಾಡಿಲ್ಲ ಎಂದು ಓಡಿಬಂದ ಮಾದೇವಿ ಅಲ್ಲಿ ಮಂಚದ ಮೇಲೆ, ಈಗಲೇ ಹೊಟ್ಟೆ ಕೊಯ್ಯಿರಿ ಎಂದೋ ಕಾಯಿರಿ ಎಂದೋ ಹೇಳಬೇಕಾದ ದೊಡ್ಡ ಡಾಕ್ಟರು ಹುಬ್ಬಳ್ಳಿಯಲ್ಲಿ, ನಡುವೆ ಎಲ್ಲರ ಲೈನುಗಳನ್ನೂ ಹಾಯಿಸುವ ಈ ಪೆಟ್ಟಿಗೆ, ಮೊಬೈಲಿನಲ್ಲಿ ತೋರಿಸಿದರೆ ಬರೀ ಹೊಗೆ ಕಂಡ ಹಾಗೆ ಕಾಣುತ್ತದಂತೆ, ಸ್ಕ್ಯಾನು ಮೊದಲು ಹೋಗಲಿ, ಉಳಿದದ್ದು ಹಿಂದೆ ಕಾಯಲಿ, ಆದ್ಯತೆ ಎಂದರೆ ಅಷ್ಟೇ ತಾನೇ, ತಹಮೀನಾ ಹಾಗೆಯೇ ಇಟ್ಟಿದ್ದಳು, ಆಸ್ಪತ್ರೆಗೆ ಒಂದನೆಯದು, ಹಾನಗಲ್ಲಿನ ಅಡಿಕೆ ಮಂಡಿಗೆ, ಸವಣೂರಿನ ಕಾಲೇಜಿಗೆ ಆಮೇಲಿನವು, ಮಂಡಿಯವರಿಗೆ ಸಿಟ್ಟು ಬಂತು, ಕಾಲೇಜಿನವರು ಮುನಿಸಿಕೊಂಡರು, ಕಂಪನಿಯ ಮಾಲಕ ಗುತ್ತೆಪ್ಪನವರು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರ ಹಾಗೆ ಎಲ್ಲರನ್ನೂ ಮುಖ್ಯ ಅತಿಥಿ ಮಾಡಿಬಿಟ್ಟರು, ಯಾರ ಮನಸ್ಸೂ ನೋಯಿಸೂದು ಬ್ಯಾಡವಾ, ಎಲ್ಲಾರಿಗೂ ಒಂದನೇದ ಕೊಡು, ಸರ್, ಎಲ್ಲಾರೂ ಮೊದಲಾದ್ರ ಯಾರೂ ಮೊದಲಲ್ರಿ, ಭಾಳ ಶಾಣ್ಯಾಕಿ ಅದಿ ಬಿಡು — ಮರುದಿನದಿಂದ ಅದನ್ನು ಬದಲಿಸುವ ಪಾಸ್‌ವರ್ಡೂ ಅವರ ಕಿಸೆಯಲ್ಲೇ.

ಆ ಮಹಾನುಭಾವರು ಈಗ ಇದೇ ಊರಿನ ಕಲ್ಯಾಣಮಂಟಪದಲ್ಲಿ ಸನ್ಮಾನ ಮಾಡಿಸಿಕೊಳ್ಳುತ್ತಿದ್ದಾರೆ, ಅದರ ನೇರಪ್ರಸಾರ, ಅದಕ್ಕೂ ಒಂದನೆಯದೇ, ಫೋನ್ ಎತ್ತುತ್ತಿಲ್ಲ, ಶಾಲು ಹೊದಿಸುವಾಗ ಯಾರು ಎತ್ತುತ್ತಾರೆ, ಮತ್ತೊಮ್ಮೆ ಹಚ್ಚಿದಳು, ಇಲ್ಲ, ತಾನೇ ಕೂರಿಸಿದ ಪೆಟ್ಟಿಗೆಯ ಮುಂದೆ ತಾನೇ ಕಳ್ಳಿಯ ಹಾಗೆ ನಿಂತಿದ್ದಾಳೆ, ಆ ಕೈ ಹಾಗೇ ಇದೆ, ಅರ್ಧ ಎತ್ತಿ, ಕಲ್ಯಾಣಮಂಟಪಕ್ಕೆ ಹೋಗುವುದು ಈ ಹಳದಿ ವೈರು, ಕಿತ್ತರೆ ಕೆಲಸ ಹೋಗುತ್ತದೆ, ಹೋಗಲಿ, ಹಾಳಾಗಿ ಹೋಗಲಿ, ಕಿತ್ತೇಬಿಟ್ಟಳು, ಟಕ್ ಎಂದು ಬಂತು, ಇಷ್ಟು ಸುಲಭವೇ, ಇಷ್ಟಕ್ಕಾಗಿಯೇ ಅಷ್ಟು ಹೊತ್ತು ಅವರ ಫೋನಿಗೆ ಕಾಯ್ದದ್ದು, ಈಗ ಮಾತ್ರ ತಕ್ಷಣ ಫೋನು, ತಹಮೀನಾ, ಲೈವ್ ಹೋತಲ್ಲವಾ, ಮೊದಲ ನಮ್ಮದ ನೋಡು, ಫೋನ್ ಕಟ್ ಮಾಡಿದಳು, ಮತ್ತೆ ಸವಿತಾ — ಅಕ್ಕಾರ, ಇನ್ನೂ ನಿಂತ ಐತ್ರಿ, ಡಾಕ್ಟರು ಲೈನ್ ನೋಡಂತ ಹೇಳಾಕತ್ತಾರ — ನೋಡಿದಳು, ಲೈನಿನಲ್ಲಿ ಎಲ್ಲೂ ತಡೆಯಿಲ್ಲ, ಏನೂ ಬಿಟ್ಟುಹೋಗುತ್ತಿಲ್ಲ, ಸ್ಕ್ಯಾನಿನ ಮೂಲೆಯ ಗಡಿಯಾರದಲ್ಲಿ ಸೆಕೆಂಡುಗಳು ಒಂದೇ ಸಮ ಓಡುತ್ತಿವೆ, ಮಾದೇವಿ ಉಸಿರೆಳೆದಾಗ ಚಿತ್ರವೆಲ್ಲ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ, ಲೈನ್ ಸರಿ ಐತವ್ವ ಅನ್ನಬೇಕು, ಲೈನ್ ಸರಿ ಇದೆ, ಲೈನ್ ಸರಿ ಇದೆ, ಆ ಕೈ, ಅರ್ಧ ಎತ್ತಿದ ಆ ಕೈ