ಒಂದು ಪ್ರಶ್ನೆ ಹಿಂದೆ

ನರ್ಸಿಂಗ್ ಕಾಲೇಜಿನಲ್ಲಿ ಎಲ್ಲರೂ ಅವರನ್ನು ದೊಡ್ಡ ಮೇಡಂ ಎಂದೇ ಕರೆಯುತ್ತಿದ್ದರು. ಅವರ ಕೈಕೆಳಗೆ ಕಲಿತವರು ಯಾವ ವಾರ್ಡಿನಲ್ಲಿದ್ದರೂ ಗುರುತು ಹಿಡಿಯಬಹುದಿತ್ತು. ಡಾಕ್ಟರು ಏನಾದರೂ ಕೇಳಿದರೆ ಅವರು ತಟ್ಟನೆ ಬಾಯಿ ಬಿಡುತ್ತಿರಲಿಲ್ಲ. ಒಂದು ಉಸಿರು ಒಳಗೆಳೆದು, ನಿಧಾನವಾಗಿ ಬಿಟ್ಟು, ಆಮೇಲೆ ಉತ್ತರ ಹೇಳುತ್ತಿದ್ದರು.

"ಉಸಿರು ಬಿಡುವಾಗ ಮನಸ್ಸಲ್ಲೇ ದೇವರ ಹೆಸರು ಹೇಳ್ಕೊಳ್ಳಿ" ಎಂದು ಮೇಡಂ ಪ್ರತಿ ವರ್ಷ ಮೊದಲ ಪಾಠದಲ್ಲೇ ಹೇಳುತ್ತಿದ್ದರು. "ದೇವರನ್ನ ನಂಬದವರು ಅಮ್ಮನ ಹೆಸರು ಹೇಳ್ಕೊಳ್ಳಿ. ಅದೂ ನೆನಪಾಗದಿದ್ರೆ ನನಗೆ ಬೈಕೊಳ್ಳಿ. ಅಷ್ಟು ಹೊತ್ತು ಮಾತ್ರ ಬಾಯಿ ಮುಚ್ಕೊಂಡಿರಿ."

ಹುಡುಗಿಯರು ನಗುತ್ತಿದ್ದರು. ಮೇಡಂ ನಗುತ್ತಿರಲಿಲ್ಲ. ತಾವು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ, "ಔಷಧಿ ಎಷ್ಟು ಕೊಟ್ಟೆ?" ಎಂದು ಡಾಕ್ಟರು ಕೇಳಿದಾಗ ಗಡಿಬಿಡಿಯಲ್ಲಿ ಪಕ್ಕದ ಹಾಸಿಗೆಯ ಪ್ರಮಾಣ ಹೇಳಿಬಿಟ್ಟಿದ್ದರು. ಆ ಲೆಕ್ಕದ ಮೇಲೆ ಡಾಕ್ಟರು ಇನ್ನಷ್ಟು ಔಷಧಿ ಕೊಡಿಸಿದರು, ಸಂಜೆಯೊಳಗೆ ರೋಗಿ ತೀರಿಕೊಂಡು ಹಾಸಿಗೆ ಖಾಲಿಯಾಗಿತ್ತು. ಈ ಸಂಗತಿಯನ್ನು ಗಂಡನೊಬ್ಬನ ಹೊರತು ಬೇರೆ ಯಾರಿಗೂ ಅವರು ಹೇಳಿರಲಿಲ್ಲ.

ಕಡೆಯ ವರ್ಷದ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಅವಳ ತಾಯಿ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಮೇಡಂ ಹೇಳಿಕೊಟ್ಟ ಆ ಉಸಿರನ್ನು ಯಾರಾದರೂ ಒಂದು ಸಲವೂ ತಪ್ಪಿಸದೆ ಪಾಲಿಸಿದ್ದರೆ ಅದು ಈ ಹುಡುಗಿ. "ಊಟ ಆಯ್ತೇನೇ?" ಎಂದು ಕೇಳಿದರೂ ಒಂದು ಉಸಿರು ಬಿಟ್ಟೇ "ಆಯ್ತು" ಎನ್ನುವಳು. ಗೆಳತಿಯರು ಅವಳಿಗೆ ಆಮೆ ಎಂದು ಹೆಸರಿಟ್ಟಿದ್ದರು.

ಆ ವರ್ಷ ಕಾಲೇಜಿಗೆ ಕೃತಕ ಬುದ್ಧಿಯ ಯಂತ್ರ ಬಂತು. ಬಾಯಿಪರೀಕ್ಷೆಯ ಪ್ರಶ್ನೆಗಳನ್ನು ಅದೇ ಕೇಳುತ್ತದೆ, ಉತ್ತರವನ್ನು ಅದೇ ಕೇಳಿಸಿಕೊಂಡು ಅಂಕ ಕೊಡುತ್ತದೆ. ಅದಕ್ಕೆ ಬೇಕಾದವರು ಬೇಡದವರು ಎಂಬುದಿಲ್ಲ, ಎಲ್ಲರಿಗೂ ಒಂದೇ ತಕ್ಕಡಿ ಎಂದು ಪ್ರಿನ್ಸಿಪಾಲರು ಸಭೆಯಲ್ಲಿ ಹೇಳಿದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಮುಖ ನೋಡಿ ಅಂಕ ಹಾಕುವ ಪರೀಕ್ಷಕರನ್ನು ಅವರೂ ಕಂಡಿದ್ದರು, ಮೇಡಂ ಕೂಡ ಕಂಡಿದ್ದರು.

"ಬರಲಿ" ಎಂದರು ಮೇಡಂ. "ಆದ್ರೆ ಸರ್, ಫೇಲ್ ಅಂತ ಅದು ಹೇಳಿದವರ ಧ್ವನೀನ ಒಬ್ಬ ಮನುಷ್ಯರಾದ್ರೂ ಕೂತು ಕೇಳಬೇಕು. ಕೇಳಿ ಸಹಿ ಹಾಕಬೇಕು."

"ಆಗಲಿ ಮೇಡಂ. ಆ ಕೆಲಸಕ್ಕೆ ನಿಮಗಿಂತ ಯಾರು ಸಿಗ್ತಾರೆ?"

ಮೇಡಂ ತರಗತಿಗೆ ಹೋಗಿ ಧೈರ್ಯ ಹೇಳಿದರು. "ಹೆದರಬೇಡ್ರೇ. ಮೆಷಿನ್ನು ಏನೇ ಅಂದ್ರೂ ಕೊನೆಗೆ ನಾನು ಕೇಳ್ತೀನಿ."

ಅರ್ಧವಾರ್ಷಿಕ ಪರೀಕ್ಷೆ ನಡೆದ ವಾರವೇ ಮೇಡಂ ಅವರ ಯಜಮಾನರು ತೀರಿಕೊಂಡರು. ಹೃದಯ ನಿಂತುಹೋಗಿತ್ತು. ಸಾವಿರ ಜನರ ನಾಡಿ ಹಿಡಿದ ಕೈಗೆ ಆ ಒಂದು ನಾಡಿ ಸಿಗಲಿಲ್ಲ. ಐದನೆಯ ದಿನ ಕಾಲೇಜಿನ ಗುಮಾಸ್ತ ಮನೆಗೆ ಬಂದ. ಒಳಗೆ ಕೂರಲೂ ಸಂಕೋಚಪಟ್ಟು, ಬಾಗಿಲಲ್ಲೇ ನಿಂತು ಕಾಗದ ಚಾಚಿದ.

"ನಿಮ್ಮನ್ನ ಕೇಳೋಕೆ ನಾಚಿಕೆ ಆಗ್ತಿದೆ ಮೇಡಂ. ನಾಳೆ ಫಲಿತಾಂಶ. ಒಂಬತ್ತು ಜನ ಫೇಲು. ಧ್ವನಿ ಎಲ್ಲ ನಿಮ್ಮ ಫೋನಿಗೆ ಕಳಿಸಿದೀನಿ. ಈಗ ಎಲ್ಲಿ ಕೇಳ್ತೀರಿ ಬಿಡಿ, ಸಹಿ ಹಾಕಿದ್ರೆ ಸಾಕು."

'ಕೇಳಿ ಪರಿಶೀಲಿಸಿದ್ದೇನೆ' ಎಂದು ಅಚ್ಚಾಗಿತ್ತು. ಆ ಸಾಲನ್ನು ಸೇರಿಸಬೇಕೆಂದು ಹಟ ಹಿಡಿದವರು ಅವರೇ. ಕನ್ನಡಕ ದೇವರ ಪಟದ ಮುಂದಿತ್ತು. ಅದನ್ನು ತರಲು ಏಳಲಿಲ್ಲ, ಹೆಸರುಗಳನ್ನೂ ಓದಲಿಲ್ಲ. ಒಂಬತ್ತು ಕಡೆ ಸಹಿ ಹಾಕಿದರು.

ಎರಡು ತಿಂಗಳ ರಜೆ ಮುಗಿಸಿ ಕಾಲೇಜಿಗೆ ಬಂದಾಗ ಆ ಹುಡುಗಿ ಕೂರುತ್ತಿದ್ದ ಎರಡನೆಯ ಸಾಲಿನ ಕಿಟಕಿ ಪಕ್ಕದ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

"ಆಮೆ ಎಲ್ಲಿ?" ಎಂದು ಕೇಳಿದರು.

ಒಬ್ಬಳು ತಲೆ ತಗ್ಗಿಸಿ ಹೇಳಿದಳು: "ಬಾಯಿಪರೀಕ್ಷೆಯಲ್ಲಿ ಹೋಯ್ತಲ್ಲ ಮೇಡಂ. ಉಚಿತ ಸೀಟಿನವರು ಒಂದ್ಸಲ ಫೇಲಾದ್ರೆ ಸೀಟು ಹೋಗತ್ತೆ. ನೀವೇ ಸಹಿ ಹಾಕಿದ್ರಿ."

"ನೀವೆಲ್ಲ ಹೇಗೆ ಪಾಸಾದ್ರಿ?"

"ಮೆಷಿನ್ ಮುಂದೆ ಸುಮ್ಮನಿರಬಾರದು ಮೇಡಂ. 'ಹಾಂ, ಅದು ಏನಂದ್ರೆ' ಅಂತಿರಬೇಕು. ನಾವು ಮನೇಲಿ ಲ್ಯಾಪ್‌ಟಾಪಲ್ಲಿ ಅಭ್ಯಾಸ ಮಾಡಿದ್ವಿ. ಅವಳ ಹತ್ರ ಅದೆಲ್ಲ ಎಲ್ಲಿತ್ತು?"

ಮೇಡಂ ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಗುಮಾಸ್ತ ಫೋನಿಗೆ ಕಳಿಸಿದ್ದ ಆ ಹುಡುಗಿಯ ಧ್ವನಿ ತೆರೆದರು. ಮೊದಲು ಯಂತ್ರದ ಧ್ವನಿ ಬಂತು. ನಯವಾದ, ಬೇಸರವೇ ಇಲ್ಲದ ಧ್ವನಿ.

"ರೋಗಿಗೆ ರಕ್ತ ಕೊಡುವಾಗ ಚಳಿ ನಡುಕ ಬಂದರೆ ಮೊದಲು ಏನು ಮಾಡುತ್ತೀರಿ?"

ಮೌನ. ಆ ಮೌನದೊಳಗೆ ಒಂದು ಉಸಿರು ಒಳಗೆ ಹೋಗುವುದು ಕೇಳಿಸಿತು. ಅದು ಪೂರ್ತಿ ಹೊರಗೆ ಬರುವ ಮೊದಲೇ ಯಂತ್ರ ಮುಂದಿನ ಪ್ರಶ್ನೆ ಶುರುಮಾಡಿತು: "ಇನ್ಸುಲಿನ್ ಕೊಡುವ ಮುನ್ನ ಏನೇನು ನೋಡುತ್ತೀರಿ?"

ಅದೇ ಹೊತ್ತಿಗೆ ಹುಡುಗಿಯ ಧ್ವನಿ: "ಮೊದಲು ರಕ್ತ ನಿಲ್ಲಿಸ್ತೀನಿ. ಸೂಜಿ ತೆಗೆಯಲ್ಲ. ಡಾಕ್ಟರನ್ನ ಕರೀತೀನಿ, ಚೀಟಿ ಮೇಲಿನ ಹೆಸರು ಇನ್ನೊಂದ್ಸಲ ನೋಡ್ತೀನಿ."

ಪರದೆಯ ಮೇಲೆ ಮೊದಲ ಪ್ರಶ್ನೆಯ ಎದುರು 'ಉತ್ತರ ತಿಳಿದಿಲ್ಲ' ಎಂದಿತ್ತು. ಎರಡನೆಯದರ ಎದುರು 'ತಪ್ಪು'. ಹುಡುಗಿ ಮತ್ತೆ ಉಸಿರು ತೆಗೆದುಕೊಂಡಳು. ಇನ್ಸುಲಿನ್ನಿನ ಉತ್ತರ ಹೇಳುವಷ್ಟರಲ್ಲಿ ಮೂರನೆಯ ಪ್ರಶ್ನೆ ಬಂದಿತ್ತು. ಹೀಗೇ ಹತ್ತರವರೆಗೆ. ಒಂದು ಉತ್ತರವೂ ತಪ್ಪಿರಲಿಲ್ಲ. ಒಂದೊಂದೂ ಒಂದು ಪ್ರಶ್ನೆ ಹಿಂದಿತ್ತು. ಹತ್ತನೆಯ ಉತ್ತರ ಅರ್ಧದಲ್ಲಿದ್ದಾಗ "ಧನ್ಯವಾದಗಳು, ನೀವು ಹೋಗಬಹುದು" ಎಂದಿತು ಯಂತ್ರ. ಹುಡುಗಿ ಉತ್ತರ ಪೂರ್ತಿ ಹೇಳಿ ಮುಗಿಸಿ, ಒಂದು ಉಸಿರು ಬಿಟ್ಟು, ಯಂತ್ರಕ್ಕೂ "ಆಯ್ತು ಮೇಡಂ" ಎಂದಳು.

ಮೇಡಂ ಮೇಜಿನ ಮೇಲೆ ತಲೆಯಿಟ್ಟರು. ಗಂಡ ಹೋದಾಗ ಬಾರದ ಅಳು ಆಗ ಬಂತು.

ಪ್ರಿನ್ಸಿಪಾಲರು ಧ್ವನಿಯನ್ನು ಎರಡು ಸಲ ಕೇಳಿದರು. "ನಾಲ್ಕು ಸೆಕೆಂಡ್ ಕಾಯತ್ತೆ ಅಂತ ಮೆಷಿನ್ ಕೊಟ್ಟವರು ಹೇಳಿದ್ರು. ಸಾಕಲ್ಲ ಅಂದ್ಕೊಂಡೆ. ಮೆಷಿನ್ ತಪ್ಪು..."

"ಮೆಷಿನ್‌ಗೆ ನನ್ನ ಪಾಠ ಗೊತ್ತಿರಲಿಲ್ಲ ಸರ್. ನನಗೆ ಗೊತ್ತಿತ್ತು. ಕೇಳ್ತೀನಿ ಅಂತ ಮಾತು ಕೊಟ್ಟವಳು ನಾನು. ಮಕ್ಕಳು ಅಭ್ಯಾಸಕ್ಕೆ ಅದನ್ನ ಇಟ್ಕೊಳ್ಳಲಿ, ಬಡವರಿಗೂ ಸಿಗೋ ಹಾಗೆ ಲೈಬ್ರರಿಯಲ್ಲಿಡಿ. ಅಂಕ ಮಾತ್ರ ನಾವು ಕೇಳಿ ಕೊಡೋಣ. ಉಳಿದ ಎಂಟು ಜನರ ಧ್ವನೀನೂ ನಾನು ಕೂತು ಕೇಳ್ತೀನಿ. ಈಗ ಈ ಹುಡುಗಿ ವಿಚಾರ ಹೇಳಿ."

"ಮರುಪರಿಶೀಲನೆಗೆ ಹದಿನೈದು ದಿನ ಇತ್ತು, ಅವಳು ಅರ್ಜಿ ಕೊಡಲಿಲ್ಲ. ಸೀಟು ಬೇರೆಯವರಿಗೆ ಹೋಯ್ತು. ಆದ್ರೂ ಬರೆದುಕೊಡಲಿ ಮೇಡಂ, ಬರೋ ವರ್ಷದ ಸೀಟಿಗೆ ನಾನೇ ಓಡಾಡ್ತೀನಿ."

ಲಾಂಡ್ರಿ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಹಬೆ, ಸೋಪಿನ ವಾಸನೆ, ಯಂತ್ರಗಳ ಗಡಗಡ. ಹುಡುಗಿ ಉದ್ದನೆಯ ಮೇಜಿನ ಮುಂದೆ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಕೈ ಚುರುಕಾಗಿ ಓಡುತ್ತಿತ್ತು. ಮೇಡಂ ಬಂದದ್ದನ್ನು ಮೊದಲು ನೋಡಿದವಳು ತಾಯಿ.

"ಬನ್ನಿ ಮೇಡಂ. ಈಗ ನೆನಪಾಯ್ತಾ?"

"ಅಮ್ಮಾ, ಸುಮ್ನಿರು" ಎಂದಳು ಮಗಳು.

ಮೇಡಂ ಎಲ್ಲವನ್ನೂ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಕೊನೆಗೆ ಕೇಳಿದರು: "ನೀನು ಯಾಕಮ್ಮಾ ಅರ್ಜಿ ಕೊಡಲಿಲ್ಲ?"

ಹುಡುಗಿ ಅರ್ಧ ಮಡಿಸಿದ ಬಟ್ಟೆಯನ್ನು ಹಿಡಿದು ನಿಂತಳು. "ನೀವು ಕೇಳ್ತೀನಿ ಅಂದಿದ್ರಲ್ಲ ಮೇಡಂ. ಸಹಿ ನೋಡ್ದೆ. ನೀವೇ ಕೇಳಿ ಫೇಲ್ ಅಂದ್ರೆ, ನಾನು ನಿಜವಾಗ್ಲೂ ಲಾಯಕ್ಕಿಲ್ಲ ಅಂದ್ಕೊಂಡೆ. ಇನ್ಯಾರನ್ನ ಕೇಳಲಿ?"

"ನಾನು ಕೇಳಿರಲಿಲ್ಲ ಮಗಳೇ. ಈಗ ಕೇಳಿದೆ. ಹತ್ತಕ್ಕೆ ಹತ್ತು. ವಾಪಸ್ ಬಾ. ಬರೋ ವರ್ಷ..."

"ಬೇಡ ಮೇಡಂ."

ಮಾತು ಮುಗಿಯುವ ಮೊದಲೇ ಉತ್ತರ ಬಂದಿತ್ತು. ನಡುವೆ ಉಸಿರಿರಲಿಲ್ಲ. ಅವಳು ಆಗಲೇ ಮುಂದಿನ ಬಟ್ಟೆಗೆ ಕೈ ಹಾಕಿದ್ದಳು. ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡು ಆ ಕಡೆ ತಿರುಗಿದಳು.

ಮೇಡಂ ತಾವೇ ಬರೆದು ತಂದಿದ್ದ ಅರ್ಜಿಯನ್ನು ಮೇಜಿನ ಮೂಲೆಯಲ್ಲಿಟ್ಟು, ಹಬೆಗೆ ಒದ್ದೆಯಾಗದಂತೆ ಮೇಲೆ ಒಂದು ಒಣ ದಿಂಬಿನ ಚೀಲ ಮುಚ್ಚಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಮೂವತ್ತೊಂದು ವರ್ಷ ಇತರರಿಗೆ ಹೇಳಿಕೊಟ್ಟಂತೆ ಒಂದು ಉಸಿರು ಒಳಗೆಳೆದರು. ಬಿಡುವಾಗ ದೇವರ ಹೆಸರು ಬರಲಿಲ್ಲ. ಆ ಹುಡುಗಿಯ ಹೆಸರು ಬಂತು.