ಹೊರಗೆ ಬಿಡಬೇಕಾಗಿದ್ದ ಗಿಡ

"ಮುಟ್ಟಿ ನೋಡಪಾ, ಹೆಂಗ ಬೆಳದೈತಿ," ಎಂದಳು ನೀಲಗಂಗಾ.

ಅನುಜ್ ಮುಟ್ಟಲಿಲ್ಲ. ಮಿಶಿಗನ್‌ನಿಂದ ಅವಳ ಊರಾದ ಸ್ಕೋಕಿಯವರೆಗೆ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದವನು ಜಾಕೆಟ್ಟನ್ನೂ ತೆಗೆಯದೆ ಕುಂಡದ ಮುಂದೆ ನಿಂತುಬಿಟ್ಟಿದ್ದ.

"ಆರು ವರ್ಷಕ್ಕ ಒಂದ್ ರೂಪಾಯಿ ಬಿಲ್ಲೆಯಷ್ಟ ಆಗಿತ್ತು. ಈಗ ನೋಡು, ಬಟ್ಟಿನಷ್ಟ ಉದ್ದ ಬಂದೈತಿ. ಆಕಿ ಇದ್ದಿದ್ರ..." ಎಂದು ಅವಳು ಅಲ್ಲಿಗೇ ನಿಲ್ಲಿಸಿದಳು.

ಆಕೆ ಎಂದರೆ ಮಗಳು ತನಿಷಾ. ಉತ್ತರ ಧ್ರುವದ ಹತ್ತಿರದ ಒಂದು ದ್ವೀಪದಲ್ಲಿ, ಮಳೆಯಿಲ್ಲದ, ಬರೀ ಕಲ್ಲು ಗಾಳಿಯ ಬಯಲಿನಲ್ಲಿ ಗಿಡಗಳು ಹೇಗೆ ಬದುಕುತ್ತವೆ ಎಂದು ಓದುತ್ತಿದ್ದವಳು. ಅನುಜ್ ಅವಳ ಲ್ಯಾಬಿನವನು. ಅಲ್ಲಿಂದ ತಂದ ಬೀಜಗಳಲ್ಲಿ ಅವಳು ಈ ಮನೆಯ ಹಿತ್ತಲಿನಲ್ಲಿ ಬಿತ್ತಿದ ಗಿಡಗಳ ಪೈಕಿ ಉಳಿದಿದ್ದು ಇದೊಂದೇ. ಆಗಸ್ಟಿನಲ್ಲಿ, ಮಿಶಿಗನ್‌ನಿಂದ ಮನೆಗೆ ಬರುವ ಹೈವೇಯಲ್ಲಿ, ಒಂದು ಟ್ರಕ್ಕು ಅವಳ ಕಾರಿಗೆ ಗುದ್ದಿತು.

ಅಕ್ಟೋಬರ್ ಬಂತೆಂದರೆ ಈ ಊರಿನ ಕನ್ನಡದವರ ಮನೆಗಳಲ್ಲಿ ಒಂದು ಸಡಗರ ಶುರುವಾಗುತ್ತದೆ. ಮೊದಲ ಹಿಮ ಬೀಳುವ ಮುಂಚೆ ಕರಿಬೇವು ಒಳಗೆ ಬರಬೇಕು. ದೀಪ, ಗೊಬ್ಬರ, ಕಿಟಕಿಯ ಬಿಸಿಲು; ಮಕ್ಕಳನ್ನೂ ಯಾರೂ ಇಷ್ಟು ಮುದ್ದು ಮಾಡುವುದಿಲ್ಲ. ನೀಲಗಂಗಾಳ ಗಂಡ ಕಲ್ಲಿನಾಥ ಮಿಶಿಗನ್ನಿನ ಡಿಯರ್‌ಬಾರ್ನಿನ ಕೆಲಸ ಬಿಟ್ಟು ಇಲ್ಲಿಗೆ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನ ಕಂಪನಿಗೆ ಸೇರಿದಾಗ ಕರಿಬೇವನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂಡಿಸಿ, ಬೆಲ್ಟು ಹಾಕಿ ಕರೆತಂದಿದ್ದ. ಈಗ ಅದು ಸೂರು ಮುಟ್ಟುವಂತಿತ್ತು. ಅದರ ಬುಡದಲ್ಲಿ, ಅದೇ ದೀಪದ ಕೆಳಗೆ, ತನಿಷಾಳ ಪುಟ್ಟ ಕುಂಡವಿತ್ತು.

"ಆಂಟಿ, ಇದು ಬೆಳೀತಿರೋದಲ್ಲ," ಎಂದ ಅನುಜ್, ತಡೆದು ತಡೆದು. "ಇಟ್ಸ್ ಸ್ಟಾರ್ವಿಂಗ್."

"ಅಂದ್ರ?"

"ಹಸಿದು ಸಾಯ್ತಿದೆ. ಅಲ್ಲಿ ಇದು ನೆಲಕ್ಕೆ ಅಂಟಿಕೊಂಡು, ಮುಷ್ಟಿ ಥರ ಬಿಗಿಯಾಗಿರುತ್ತೆ. ಸತ್ತ ಎಲೆನ ಉದುರಿಸಲ್ಲ, ಅದನ್ನೇ ಹೊದ್ಕೊಂಡಿರುತ್ತೆ. ವರ್ಷದಲ್ಲಿ ಎರಡು ತಿಂಗಳು ಎಚ್ಚರ, ಉಳಿದಿದ್ದೆಲ್ಲ ನಿದ್ದೆ. ಆ ನಿದ್ದೆಗೆ ಚಳಿ ಬೇಕು. ಬೆಚ್ಚಗಿಟ್ರೆ ಮಲಗೋದೇ ಇಲ್ಲ, ಕೂಡಿಟ್ಟಿದ್ದನ್ನೆಲ್ಲ ಖರ್ಚು ಮಾಡಿ..."

ನೀಲಗಂಗಾ ಗಂಡನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ?"

ಕಲ್ಲಿನಾಥ ಸೋಫಾದ ಅಂಚಿನಲ್ಲಿ ಕೂತಿದ್ದ. "ಗೊತ್ತಿತ್ತು. ಪ್ರತಿ ವರ್ಷ ಹೇಳತಿದ್ಲು, ಅಪ್ಪಾ, ಅದನ್ನ ಒಳಗ ತರಬ್ಯಾಡ ಅಂತ. ಅಕ್ಟೋಬರ್‌ದಾಗ ಒಳಗ ತಂದ ದಿನ ಫ್ಯಾರನ್‌ಹೀಟ್ ಇಪ್ಪತ್ತೆಂಟು ಇತ್ತು, ನೀರು ಹೆಪ್ಪಗಟ್ಟೂ ಚಳಿ. ಕರಿಬೇವು ತಂದೆ, ಮಲ್ಲಿಗಿ ತಂದೆ. ಇದನ್ನೊಂದ ಹೊರಗ ಬಿಟ್ಟು ಬಾಗಲಾ ಹಾಕ್ಕೊಳ್ಳಾಕ ನನ್ನ ಕೈಲೆ ಆಗಲಿಲ್ಲ, ನೀಲಾ."

ಅವಳಿಗೆ ಸಿಟ್ಟು ಬಂತು. ತಾನಾದರೂ ಅದನ್ನೇ ಮಾಡುತ್ತಿದ್ದೆ ಎಂದು ತಿಳಿದಿದ್ದರಿಂದ ಆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಆ ಬಿಳಿಚಿದ ಕುಡಿಗಳನ್ನು ನೋಡಿ ಖುಷಿಪಟ್ಟಿದ್ದಳು.

"ನಾನು ತಗೊಂಡು ಹೋಗ್ತೀನಿ ಆಂಟಿ. ಅದಕ್ಕೇ ಬಂದಿದ್ದು. ಲ್ಯಾಬಲ್ಲಿ ಕೋಲ್ಡ್ ರೂಮ್ ಇದೆ. ಉಳಿಯುತ್ತೆ ಅಂತ ಪ್ರಾಮಿಸ್ ಮಾಡಕ್ಕಾಗಲ್ಲ, ಬಟ್..."

ಅವಳು ಕುಂಡದ ಮೇಲೆ ಅಂಗೈ ಅಡ್ಡ ಹಿಡಿದಳು. "ಬ್ಯಾಡಪಾ. ಆ ರಸ್ತೆ ಮ್ಯಾಲ ಬ್ಯಾಡ."

ಅನುಜ್ ಮತ್ತೆ ಕೇಳಲಿಲ್ಲ. ಇಲ್ಲೇ ತಂಪು ಮಾಡುವುದು ಹೇಗೆಂದು ಅವಳೇ ಕೇಳಿದಾಗ ಹೇಳಿದ: ನಿಧಾನವಾಗಿ, ದಿನಕ್ಕೆ ಸ್ವಲ್ಪ ಸ್ವಲ್ಪ. ಇಷ್ಟು ಮೆತ್ತಗಾಗಿರುವುದನ್ನು ಒಮ್ಮೆಲೇ ಗ್ಯಾರೇಜಿಗೆ ಹಾಕಿದರೆ ಒಂದೇ ರಾತ್ರಿಗೆ ಹೋಗುತ್ತದೆ.

ಅವನು ಹೊರಟ ಮೇಲೆ ಕಲ್ಲಿನಾಥ ಎದ್ದು ಹೋಗಿ ಗೋಡೆಯ ಮೇಲಿದ್ದ ಹೀಟರಿನ ಥರ್ಮೋಸ್ಟಾಟನ್ನು ಎಪ್ಪತ್ತರಿಂದ ಅರವತ್ತಾರಕ್ಕೆ ಇಳಿಸಿದ. ಇಬ್ಬರೂ ಅದರ ಬಗ್ಗೆ ಮಾತಾಡಿಕೊಂಡಿರಲಿಲ್ಲ.

ದಿನಾ ಇಳಿಸಿದರು. ಮೊದಲು ಸ್ವೆಟರ್ ಬಂತು, ಆಮೇಲೆ ಕಾಲಿಗೆ ಎರಡೆರಡು ಸಾಕ್ಸು. ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಯಿತು. ನೀರು ಹೆಪ್ಪುಗಟ್ಟಿ ಪೈಪು ಒಡೆಯದಿರಲೆಂದು ಕಲ್ಲಿನಾಥ ನಲ್ಲಿಗಳನ್ನು ಹನಿ ಬೀಳುವಷ್ಟು ತೆರೆದಿಟ್ಟ. ಕರಿಬೇವು ಹಳದಿಯಾಗಿ ಎಲೆ ಉದುರಿಸತೊಡಗಿತು.

"ಪಕ್ಕದ ಓಣಿಯ ಕೇಶವ್ ಅವರ ಮನಿಗೆ ಕೊಟ್ಟ ಬರೂಣೇನ್ರಿ ಇದನ್ನ?" ಎಂದು ಅವಳು ಒಮ್ಮೆ ಕೇಳಿದಳು.

"ಹೊರಗ ಮೈನಸ್ ಆರು ಐತಿ. ಬಾಗಲಾ ದಾಟಸೂದ್ರಾಗ ಸಾಯ್ತೈತಿ," ಎಂದ ಅವನು. ಆಮೇಲೆ ಇಬ್ಬರೂ ಅದರ ಕಡೆ ನೋಡುವುದನ್ನು ಬಿಟ್ಟರು.

ಮನೆಯೊಳಗೇ ಉಸಿರು ಹೊಗೆಯಾಗಿ ಕಂಡ ದಿನ ನೀಲಗಂಗಾ ತನಿಷಾಳ ಕೋಣೆಗೆ ಹೋದಳು. ಆಗಸ್ಟಿನಿಂದ ಯಾರೂ ತೆರೆಯದ ಕ್ಲಾಸೆಟ್ಟಿನಲ್ಲಿ, ದ್ವೀಪಕ್ಕೆ ಹೋಗುವಾಗ ಹಾಕುತ್ತಿದ್ದ ಕಿತ್ತಳೆ ಬಣ್ಣದ ದಪ್ಪ ಕೋಟು ತೂಗುತ್ತಿತ್ತು. ಅದನ್ನು ತೊಟ್ಟುಕೊಂಡಳು. ತೋಳು ಉದ್ದವಾಯಿತು, ಮಡಿಸಲಿಲ್ಲ. ಕುಂಡದ ಪಕ್ಕ ಕೂತು ಅನುಜ್‌ಗೆ ಫೋನ್ ಮಾಡಿದಳು. ಕುಡಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಟ್ಟಿದ್ದವು.

"ಜೀವ ಐತೋ ಇಲ್ಲೋ, ಹೆಂಗ ತಿಳೀತೈತಿ?"

"ಜೂನ್‌ವರೆಗೂ ಗೊತ್ತಾಗಲ್ಲ ಆಂಟಿ. ಸತ್ತಿರೋದು, ಮಲಗಿರೋದು, ಎರಡೂ ಒಂದೇ ಥರ ಕಾಣುತ್ತೆ."

ಸಂಜೆ ಕೆಲಸದಿಂದ ಬಂದ ಕಲ್ಲಿನಾಥ ಬಾಗಿಲಲ್ಲೇ ನಿಂತ. ಕಿಟಕಿಯ ಬಳಿ ಕಿತ್ತಳೆ ಬಣ್ಣದ ಬೆನ್ನು ಕಂಡು ಅವನ ಕೈಯಿಂದ ಊಟದ ಚೀಲ ಜಾರಿತು. ಅವಳು ತಿರುಗಿದಳು. ಅವನು ಬಗ್ಗಿ ಚೀಲ ಎತ್ತಿಕೊಂಡು, ಗೋಡೆಯ ಥರ್ಮೋಸ್ಟಾಟಿನ ಕಡೆಗೆ ಹೋದ.

"ಇನ್ನೆರಡು ಇಳಸಲೇನು?" ಎಂದ, ಅವಳತ್ತ ನೋಡದೆ.

"ಇಳಸ್ರಿ."

ಕರಿಬೇವಿನಿಂದ ಒಂದು ಎಲೆ ಕಳಚಿ ಕೋಟಿನ ಭುಜದ ಮೇಲೆ ಬಿತ್ತು. ಅವಳು ಅದನ್ನು ಕೊಡವಲಿಲ್ಲ.